ಅಮ್ಮನ 54 ಕರೆಗಳು

2006ರ ನವೆಂಬರ್ ತಿಂಗಳು. ಅಮ್ಮ ಮೊದಲ ಸಲ ಇಂಗ್ಲೆಂಡಿಗೆ ಬಂದಿದ್ದಳು. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ರಿಟೈರ್ ಆದವಳು. ಸ್ಲೌ ಊರಿನ ನಮ್ಮ ಬಾಡಿಗೆ ಮನೆಗೆ ಬಂದ ಮೊದಲ ವಾರ ಅವಳಿಗೆ ನಿದ್ದೆಯದೇ ತೊಂದರೆ. ಇಲ್ಲಿ ರಾತ್ರಿ ಒಂದು ಗಂಟೆ ಅಂದರೆ ಅಲ್ಲಿ ಬೆಳಗಿನ ಆರೂವರೆ. ಊರಿನಲ್ಲಿ ಹಾಲಿನವನು ಗೇಟು ತಟ್ಟುವ ಹೊತ್ತಿಗೆ ಸರಿಯಾಗಿ ಇವಳಿಗೆ ಇಲ್ಲಿ ಎಚ್ಚರವಾಗುತ್ತಿತ್ತು. ಎದ್ದು ಮಾಡೋದೇನು? ಹೊರಗೆ ಕೊರೆಯುವ ಚಳಿ. ನಾವಿಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವರು ಅಂತ ಟೀವಿ ಸೌಂಡು ಪೂರ್ತಿ ಕಮ್ಮಿ ಮಾಡಿ, ಸೋಫಾ ಮೇಲೆ ಕಾಲು ಮಡಚಿ, ರಗ್ಗು ಹೊದ್ದು ಕೂತಿರುತ್ತಿದ್ದಳು.

ಆ ಹೊತ್ತಿಗೆ ಒಂದು ಚಾನೆಲ್‌ನಲ್ಲಿ ಲೈವ್ ಕ್ವಿಜ್ ಬರುತ್ತಿತ್ತು. ಒಬ್ಬಳು ಹುಡುಗಿ ಬೋರ್ಡಿನ ಮುಂದೆ ನಿಂತು ನಗುತ್ತಾ, ಕೈ ಬೀಸುತ್ತಾ, ಕರೆ ಮಾಡಿ ಕರೆ ಮಾಡಿ ಅಂತ ಕುಣಿಯುತ್ತಿದ್ದಳು. ಬೋರ್ಡಿನಲ್ಲಿ ಒಂದು ಲೆಕ್ಕ. ಮೂರು ಸಾಲಿನಲ್ಲಿ ಒಂದಿಷ್ಟು ಅಂಕಿಗಳು, ಕೆಲವು ಅಕ್ಷರದಲ್ಲಿ. ಎಲ್ಲವನ್ನೂ ಕೂಡಿಸಿ, ಅಷ್ಟೇ ಪ್ರಶ್ನೆ. ಕೆಳಗೆ ದಪ್ಪಗೆ ಫೋನ್ ನಂಬರ್, ಪಕ್ಕದಲ್ಲಿ ಬಹುಮಾನದ ಮೊತ್ತ. ಇದಕ್ಕೆ ಇಂಗ್ಲಿಷ್ ಬೇಕಿಲ್ಲ, ಸೌಂಡೂ ಬೇಕಿಲ್ಲ. ಲೆಕ್ಕದ ಮೇಷ್ಟ್ರಿಗೆ ಸುಮ್ಮನಿರಲು ಸಾಧ್ಯವೇ?

ಬೆಳಗ್ಗೆ ಎದ್ದು ನೋಡಿದರೆ ಟೀಪಾಯಿಯ ಮೇಲೆ ಪಿಜ್ಜಾ ಅಂಗಡಿಯ ಕರಪತ್ರ. ಅದರ ಹಿಂದೆ ಅಮ್ಮನ ದುಂಡು ಅಕ್ಷರ. ಕೂಡಿಸಿ, ಅಡಿಗೆರೆ ಎಳೆದು, ಪಕ್ಕದಲ್ಲಿ ತಾಳೆಯನ್ನೂ ನೋಡಿದ್ದಳು. 'ಏನಮ್ಮ ಇದು' ಅಂದರೆ, 'ಟೀವಿಯಲ್ಲಿ ಲೆಕ್ಕ ಕೊಡ್ತಾರೆ ಕಣೋ. ಯಾರಿಗೂ ಬರ್ತಿಲ್ಲ. ಎಂಟನೇ ಕ್ಲಾಸಿನ ಮಕ್ಕಳು ಮಾಡ್ತಾರೆ ಇದನ್ನ' ಅಂದಳು. ಪಾಪ, ಟೈಂಪಾಸ್ ಆಗ್ತಿದೆ ಅಂತ ನಾನೂ ಸುಮ್ಮನಾದೆ.

ಜನವರಿಯಲ್ಲಿ ಮೂರು ತಿಂಗಳ ಫೋನ್ ಬಿಲ್ ಬಂತು. ಒಂದೇ ನಂಬರಿಗೆ 54 ಕರೆ. ಒಂದೊಂದಕ್ಕೂ 75 ಪೆನ್ಸ್. ಒಟ್ಟು 40 ಪೌಂಡ್ 50 ಪೆನ್ಸ್. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 3,500 ರೂಪಾಯಿ. ಅಮ್ಮನ ಮುಖ ಸಪ್ಪಗಾಯಿತು. ದುಡ್ಡಿಗಿಂತ ಜಾಸ್ತಿ ಅವಳನ್ನು ಚುಚ್ಚಿದ್ದು ಬೇರೆ. 'ಒಂದು ಸಲವೂ ಒಳಗೆ ಲೈನು ಸಿಗಲಿಲ್ಲ. ಮೆಷಿನ್ನು ಸಾರಿ ಅಂತು, ಇಟ್ಟುಬಿಟ್ಟೆ. ಲೈನೇ ಸಿಗಲಿಲ್ಲ ಅಂದ್ಮೇಲೆ ದುಡ್ಡು ಹೆಂಗೆ ತಗೋತಾರೆ?'

ನಮ್ಮ ಎಸ್‌ಟಿಡಿ ಬೂತಿನ ನ್ಯಾಯ ಅದು. ಆ ಕಡೆ ಯಾರಾದರೂ ಎತ್ತಿದರೆ ಮಾತ್ರ ಮೀಟರ್ ಓಡಬೇಕು. ಬೂತಿನವನು ರಿಂಗ್ ಆದದ್ದಕ್ಕೆಲ್ಲ ದುಡ್ಡು ಕೇಳಿದ್ದರೆ ಅವನ ಕಾಲರ್ ಹಿಡಿಯುತ್ತಿದ್ದೆವು. ಇಲ್ಲಿ ಕಾಲರ್ ಹಿಡಿಯೋಣ ಅಂದರೆ ಕಾಲರೇ ಸಿಗಲಿಲ್ಲ. ಫೋನ್ ಕಂಪನಿಗೆ ಫೋನ್ ಮಾಡಿದೆ. ನಾವು ಬಿಲ್ ಮಾಡುವವರು ಮಾತ್ರ, ನಂಬರ್ ಬೇರೆಯವರದ್ದು ಅಂದರು. ಆ ಬೇರೆಯವರು, ಕಾರ್ಯಕ್ರಮ ನಮ್ಮದಲ್ಲ, ಲೈನ್ ಮಾತ್ರ ನಮ್ಮದು ಅಂದರು. ಚಾನೆಲ್‌ನವರು, ಲೈನಿನ ವಿಚಾರ ಲೈನಿನವರನ್ನೇ ಕೇಳಿ ಅಂದರು. ಮೂರು ಸುತ್ತು ಸುತ್ತಿ ಬಿಲ್ ಕಟ್ಟಿದೆ.

ಆಮೇಲೆ ಗೊತ್ತಾದದ್ದು ಇದು. ಬ್ರಿಟನ್ನಿನಲ್ಲಿ 09ರಿಂದ ಶುರುವಾಗುವ ನಂಬರುಗಳು ಪ್ರೀಮಿಯಂ ರೇಟ್ ನಂಬರುಗಳು. ಅದಕ್ಕೆ ಮಾಡಿದ ಕರೆಯ ದುಡ್ಡು ಫೋನ್ ಕಂಪನಿಯ ಜೇಬಿಗೆ ಮಾತ್ರ ಹೋಗೋದಿಲ್ಲ. ಲೈನ್ ನಡೆಸುವವರಿಗೆ ಒಂದು ಪಾಲು, ಚಾನೆಲ್‌ಗೆ ಒಂದು ಪಾಲು. ಕರೆ ಹೋದ ತಕ್ಷಣ ಒಂದು ಮೆಷಿನ್ನು ಎತ್ತಿಕೊಳ್ಳುತ್ತದೆ. ಅದು ಎತ್ತಿದ್ದೇ ಎತ್ತಿದ್ದು, ಮೀಟರ್ ಬಿತ್ತು. ಸ್ಟುಡಿಯೋದವರು ಕರೆ ತೆಗೆದುಕೊಳ್ಳೋದು ಅವರಿಗೆ ಮನಸ್ಸು ಬಂದಾಗ. ಉಳಿದವರೆಲ್ಲ ಆಚೆಯೇ. ಬೆಲೆಯನ್ನು ಪರದೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಿದ್ದರು, ಆಗಾಗ ಬಾಯಲ್ಲೂ ಹೇಳುತ್ತಿದ್ದರು. ಅಮ್ಮ ನಮ್ಮ ನಿದ್ದೆ ಕೆಡಬಾರದು ಅಂತ ಸೌಂಡು ಕಮ್ಮಿ ಮಾಡಿದ್ದಳಲ್ಲ!

ಇಂಥ ಕ್ವಿಜ್‌ಗಳ ಬಗ್ಗೆ ಬ್ರಿಟನ್ನಿನ ಪಾರ್ಲಿಮೆಂಟಿನ ಒಂದು ಸಮಿತಿ ಆಗಲೇ ವಿಚಾರಣೆ ನಡೆಸುತ್ತಿತ್ತು. ಅದರ ವರದಿ ಬಂದದ್ದು 2007ರ ಜನವರಿಯಲ್ಲಿ, ನಮ್ಮ ಬಿಲ್ ಬಂದ ತಿಂಗಳೇ. ಆ ಸಮಯದಲ್ಲಿ ಎಲ್ಲರ ಬಾಯಲ್ಲೂ ಇದ್ದ ಒಂದು ಪ್ರಶ್ನೆ: 'ಹೆಂಗಸಿನ ಹ್ಯಾಂಡ್‌ಬ್ಯಾಗಿನಲ್ಲಿ ಏನೇನು ಇರಬಹುದು?' ಐಟಿವಿ ಪ್ಲೇ ಚಾನೆಲ್‌ನಲ್ಲಿ ಕೇಳಿದ್ದು. ಬಾಚಣಿಗೆ, ಕನ್ನಡಿ, ಪರ್ಸು ಅಂತ ಜನ ಹೇಳಿದರು. ಸರಿಯುತ್ತರದ ಪಟ್ಟಿಯಲ್ಲಿ ಇದ್ದವುಗಳಲ್ಲಿ ಎರಡು ಹೀಗಿದ್ದವು. ಒಂದು, ಗೋಡೆಗೆ ಸ್ಕ್ರೂ ಕೂರಿಸುವ ಮುಂಚೆ ತೂತಿಗೆ ತೂರಿಸುತ್ತಾರಲ್ಲ, ಆ ಪ್ಲಾಸ್ಟಿಕ್ ಪ್ಲಗ್. ಇನ್ನೊಂದು ಮಂಕಿ ಕ್ಯಾಪ್. ಊಟಿಗೆ ಹೊರಟ ನಮ್ಮ ಕಡೆಯ ಹೆಂಗಸರ ಬ್ಯಾಗಿನಲ್ಲಿ ಮಂಕಿ ಕ್ಯಾಪ್ ಸಿಕ್ಕರೂ ಸಿಕ್ಕೀತು ಅನ್ನಿ. ಆದರೆ ಸ್ಕ್ರೂ ಪ್ಲಗ್? ಅಂಥ ಉತ್ತರ ಯಾರಿಗೂ ಹೊಳೆಯಬಾರದು ಅಂತಲೇ ಇಟ್ಟದ್ದು ಅಂತ ನನಗೆ ಅನಿಸುತ್ತದೆ. ಪ್ರಶ್ನೆ ಸುಲಭ ಕಂಡಷ್ಟೂ ಫೋನ್ ಜಾಸ್ತಿ. ಉತ್ತರ ಕಷ್ಟ ಇದ್ದಷ್ಟೂ ಬಹುಮಾನ ಮನೆಯಲ್ಲೇ ಉಳಿಯುತ್ತದೆ. ಆ ಚಾನೆಲ್ 2007ರಲ್ಲೇ ಮುಚ್ಚಿತು.

ರಾತ್ರಿಯ ಕ್ವಿಜ್ ಅಂದರೆ ಎಲ್ಲರಿಗೂ ಸ್ವಲ್ಪ ಅನುಮಾನ ಇದ್ದೇ ಇತ್ತು. ಆದರೆ ಹಗಲಿನ ಮರ್ಯಾದಸ್ಥ ಕಾರ್ಯಕ್ರಮಗಳೂ ಹಾಗೇ ಅಂತ ಗೊತ್ತಾದದ್ದು ಆ ವರ್ಷ. ಫೆಬ್ರವರಿಯಲ್ಲಿ ಚಾನೆಲ್ 4ರ ಒಂದು ಕಾರ್ಯಕ್ರಮದ ಸುದ್ದಿ ಪತ್ರಿಕೆಯಲ್ಲಿ ಬಂತು. ರಿಚರ್ಡ್ ಮತ್ತು ಜೂಡಿ ಎಂಬ ಗಂಡ ಹೆಂಡತಿ ಸಂಜೆ ಐದಕ್ಕೆ ನಡೆಸಿಕೊಡುತ್ತಿದ್ದ ಶೋ. ಅದರಲ್ಲಿ ಒಂದು ಸ್ಪರ್ಧೆ, ಕರೆಗೆ 1 ಪೌಂಡ್. ಶೋ ಶುರುವಾದ ಕೆಲವೇ ನಿಮಿಷಗಳಲ್ಲಿ ತೆರೆಮರೆಯಲ್ಲಿ ಸಂಭಾವ್ಯ ವಿಜೇತರ ಪಟ್ಟಿ ಆಗಿಹೋಗಿರುತ್ತಿತ್ತು. ಪರದೆಯ ಮೇಲೆ ಮಾತ್ರ ಇನ್ನೂ ಕರೆ ಮಾಡಿ ಅಂತ ಹೇಳುತ್ತಲೇ ಇದ್ದರು. ಆ ಮೇಲೆ ಫೋನ್ ಮಾಡಿದವರೆಲ್ಲ ಮುಗಿದುಹೋದ ಲಾಟರಿಗೆ ಟಿಕೆಟ್ ಕೊಂಡ ಹಾಗೆ.

ಒಂದು ದಾರ ಎಳೆದದ್ದೇ ತಡ, ಇಡೀ ಬಟ್ಟೆ ಬಿಚ್ಚಿಕೊಂಡಿತು. ಬೆಳಗಿನ ಕಾರ್ಯಕ್ರಮದ ಚಾನೆಲ್ ಜಿಎಂಟಿವಿ ನಾಲ್ಕು ವರ್ಷ ಲೈನ್ ಮುಚ್ಚುವ ಮೊದಲೇ ಫೈನಲಿಸ್ಟ್‌ಗಳನ್ನು ಆರಿಸುತ್ತಿತ್ತು ಅಂತ ಬಯಲಾಯಿತು. ಅದಕ್ಕೆ 20 ಲಕ್ಷ ಪೌಂಡ್ ದಂಡ ಬಿತ್ತು. ಚಾನೆಲ್ 5ರ ಒಂದು ಕ್ವಿಜ್‌ನಲ್ಲಿ ಗೆದ್ದವರ ಹೆಸರುಗಳೇ ಕಟ್ಟುಕಥೆ. ಅದಕ್ಕೆ 3 ಲಕ್ಷ. ಚಾನೆಲ್ 4ಕ್ಕೆ 15 ಲಕ್ಷ. ಎಲ್ಲಕ್ಕಿಂತ ದೊಡ್ಡದು ಐಟಿವಿಯದ್ದು. 2008ರ ಮೇ ತಿಂಗಳಲ್ಲಿ 56,75,000 ಪೌಂಡ್. ಶನಿವಾರ ರಾತ್ರಿಯ ಅವರ ಜನಪ್ರಿಯ ಶೋನಲ್ಲಿ ಕರೆ ಮಾಡಿದವರನ್ನು ಚೀಟಿ ಎತ್ತಿ ಆರಿಸಬೇಕಿತ್ತು. ಅದರ ಬದಲು ಕ್ಯಾಮೆರಾದವರು ಇರುವ ಜಾಗಕ್ಕೆ ಯಾರ ಮನೆ ಹತ್ತಿರ, ಟೀವಿಯಲ್ಲಿ ಯಾರು ಚೆನ್ನಾಗಿ ಕಿರುಚಿ ಕುಣಿಯುತ್ತಾರೆ ಅಂತ ನೋಡಿ ಆರಿಸುತ್ತಿದ್ದರಂತೆ. ದೂರದ ಊರಿನ ಸಂಕೋಚದ ಮನುಷ್ಯ ಎಷ್ಟು ಸಲ ಫೋನ್ ಮಾಡಿದರೂ ಅಷ್ಟೇ.

ಬಿಬಿಸಿಯೂ ಬಿಡಲಿಲ್ಲ. ಅದರ ಕಥೆ ನನಗೆ ಇವತ್ತಿಗೂ ವಿಚಿತ್ರ ಅನಿಸುತ್ತದೆ. ಮಕ್ಕಳ ಕಾರ್ಯಕ್ರಮ 'ಬ್ಲೂ ಪೀಟರ್' ಅಂದರೆ ಇಲ್ಲಿ ಅಜ್ಜಿ ಮನೆ ಇದ್ದ ಹಾಗೆ, ಮೂರು ತಲೆಮಾರು ನೋಡಿಕೊಂಡು ಬೆಳೆದದ್ದು. 2006ರ ನವೆಂಬರ್‌ನಲ್ಲಿ, ನನ್ನಮ್ಮ ಲೆಕ್ಕ ಕೂಡಿಸುತ್ತಿದ್ದ ಅದೇ ತಿಂಗಳು, ಅವರ ಒಂದು ಫೋನ್ ಸ್ಪರ್ಧೆಯಲ್ಲಿ ತಾಂತ್ರಿಕ ತೊಂದರೆಯಾಗಿ ಕರೆಗಳು ಸ್ಟುಡಿಯೋಗೆ ಬರಲಿಲ್ಲ. ಲೈವ್ ಶೋ, ಸಮಯ ಓಡುತ್ತಿದೆ. ಸ್ಟುಡಿಯೋ ನೋಡಲು ಬಂದಿದ್ದ ಒಂದು ಮಗುವಿಗೇ ಹೇಳಿ, ಹೊರಗಿನಿಂದ ಫೋನ್ ಮಾಡಿ ಗೆದ್ದವರ ಹಾಗೆ ಮಾತಾಡಿಸಿಬಿಟ್ಟರು. ಯುನಿಸೆಫ್‌ಗೆ ಸಹಾಯಕ್ಕೆ ಅಂತ ನಡೆಸಿದ ಸ್ಪರ್ಧೆ ಅದು. ದುರಾಸೆ ಅಲ್ಲ, ಗಾಬರಿ. ಆದರೂ ಬಿಬಿಸಿಗೆ 50,000 ಪೌಂಡ್ ದಂಡ ಬಿತ್ತು. ಅದೇ ಕಾರ್ಯಕ್ರಮದವರು ಬೆಕ್ಕಿನ ಮರಿಗೆ ಹೆಸರಿಡಲು ಮಕ್ಕಳಿಂದ ವೋಟು ಹಾಕಿಸಿದ್ದರು. ಮಕ್ಕಳು 'ಕುಕಿ' ಅಂದರು. ಇವರು 'ಸಾಕ್ಸ್' ಅಂತ ಇಟ್ಟರು. ಅದು ಬಯಲಾದ ಮೇಲೆ ಕ್ಷಮೆ ಕೇಳಿ, ಇನ್ನೊಂದು ಮರಿ ತಂದು ಅದಕ್ಕೆ ಕುಕಿ ಅಂತ ಹೆಸರಿಟ್ಟರು. ಬೆಕ್ಕಿನ ವಿಷಯಕ್ಕೆ ಇಷ್ಟು ರಂಪವಾ ಅಂತ ಆಫೀಸಿನಲ್ಲಿ ನಾನು ನಕ್ಕಿದ್ದೆ. ಪಕ್ಕದ ಸೀಟಿನವರು ಯಾರೂ ನಗಲಿಲ್ಲ.

ಅದೇ 2007ರಲ್ಲಿ ನಮ್ಮ ಕಡೆ ಏನಾಗುತ್ತಿತ್ತು?

ಭಾವನಿಗೆ ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಆ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಶಾರುಖ್ ಖಾನ್ ನಡೆಸಿಕೊಟ್ಟ 'ಕೌನ್ ಬನೇಗಾ ಕರೋಡ್‌ಪತಿ' ಬರುತ್ತಿತ್ತು. ಅದರೊಳಗೆ ಮನೆಯಲ್ಲಿ ಕೂತವರಿಗೆ ಅಂತ 'ಹರ್ ಸೀಟ್ ಹಾಟ್ ಸೀಟ್' ಅನ್ನುವ ಸ್ಪರ್ಧೆ. ಒಂದು ಪ್ರಶ್ನೆ, ನಾಲ್ಕು ಉತ್ತರ, ಎಸ್‌ಎಂಎಸ್ ಮಾಡಿ, ಸರಿ ಹೇಳಿದವರಲ್ಲಿ ಒಬ್ಬರಿಗೆ ದಿನಕ್ಕೆ 2 ಲಕ್ಷ. ಭಾವ ದಿನಾ ಕಳಿಸುತ್ತಿದ್ದರು. ಉತ್ತರ ಗೊತ್ತಿಲ್ಲದ ದಿನ ನಾಲ್ಕಕ್ಕೆ ನಾಲ್ಕನ್ನೂ ಕಳಿಸುತ್ತಿದ್ದರು. 'ಒಂದು ಹತ್ತೋದು ಗ್ಯಾರಂಟಿ ಅಲ್ಲೇನಪ್ಪ' ಅನ್ನುವ ವಾದ. ಒಂದು ಎಸ್‌ಎಂಎಸ್‌ಗೆ 2 ರೂಪಾಯಿ 40 ಪೈಸೆ. ಅಂಗಡಿ ಹುಡುಗನನ್ನು ಪದೇ ಪದೇ ಕರೆನ್ಸಿ ಹಾಕಿಸೋಕೆ ಕಳಿಸುತ್ತಾರೆ ಅಂತ ಅಕ್ಕ ಫೋನಿನಲ್ಲಿ ಗೊಣಗುತ್ತಿದ್ದಳು.

ಕರ್ನಾಟಕ ಸರ್ಕಾರ ಲಾಟರಿಯನ್ನು ನಿಷೇಧಿಸಿದ್ದೂ ಅದೇ ವರ್ಷ. ಬಸ್‌ಸ್ಟ್ಯಾಂಡಿನಲ್ಲಿ ಮೈಕು ಕಟ್ಟಿಕೊಂಡು ಟಿಕೆಟ್ ಮಾರುತ್ತಿದ್ದವರೆಲ್ಲ ಮಾಯವಾದರು. ಒಳ್ಳೆಯದೇ ಆಯಿತು, ಎಷ್ಟೋ ಮನೆ ಉಳಿದವು. ಆದರೆ ಟೀವಿಯೊಳಗಿನ ಚೀಟಿ ಎತ್ತುವ ಆಟವನ್ನು ಲಾಟರಿ ಅಂತ ಯಾರೂ ಅನ್ನಲಿಲ್ಲ. ಅಲ್ಲಿ ಟಿಕೆಟ್ ಇಲ್ಲವಲ್ಲ, ಎಸ್‌ಎಂಎಸ್ ಮಾತ್ರ!

ದೆಹಲಿಯ ಒಂದು ಗ್ರಾಹಕ ಸಂಘಟನೆ ಮಾತ್ರ ಇದನ್ನು ಹಿಡಿದುಕೊಂಡು ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋಯಿತು. ಆಯೋಗದ ಮುಂದೆ ಬಂದ ಲೆಕ್ಕ ನೋಡಿ. ಬಂದ ಎಸ್‌ಎಂಎಸ್ 5 ಕೋಟಿ 80 ಲಕ್ಷ. ತಲಾ 2.40ರಂತೆ 13 ಕೋಟಿ 92 ಲಕ್ಷ ರೂಪಾಯಿ. 52 ಕಂತಿಗೆ 2 ಲಕ್ಷದಂತೆ ಕೊಟ್ಟ ಬಹುಮಾನ 1 ಕೋಟಿ 4 ಲಕ್ಷ. ಇದಕ್ಕೆ ಪ್ರವೇಶ ಶುಲ್ಕ ಇಲ್ಲ ಅನ್ನುವ ಹಾಗೆ ಬಿಂಬಿಸಿ, ಬಹುಮಾನದ ದುಡ್ಡನ್ನು ಜನರ ಎಸ್‌ಎಂಎಸ್‌ನಿಂದಲೇ ಎತ್ತಿದ್ದೀರಿ ಅಂತ ಆಯೋಗ 2008ರಲ್ಲಿ ಸ್ಟಾರ್ ಮತ್ತು ಏರ್‌ಟೆಲ್‌ಗೆ 1 ಕೋಟಿ ರೂಪಾಯಿ ದಂಡ ಹಾಕಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಬಹುಮಾನದ ಹಣ ಎಸ್‌ಎಂಎಸ್ ದುಡ್ಡಿನಿಂದಲೇ ಬಂತು ಅನ್ನೋದಕ್ಕೆ ಸಾಕ್ಷಿ ಸಾಲದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕೋರ್ಟು ಕಾನೂನಿನ ಪ್ರಕಾರ ಸರಿಯಾಗೇ ಹೇಳಿರಬಹುದು. ನನ್ನ ತಕರಾರು ಕೋರ್ಟಿನ ಮೇಲಲ್ಲ. ನೋಡುವವನು ಚಾನೆಲ್ ಮತ್ತು ಫೋನ್ ಕಂಪನಿಯ ನಡುವಿನ ಒಪ್ಪಂದದ ಕಾಗದ ಎಲ್ಲಿಂದ ತರಬೇಕು? ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯಿಂದಲೇ?

ಅದೇ ವರ್ಷದ 'ಇಂಡಿಯನ್ ಐಡಲ್' ನೆನಪಿದೆಯಾ? ಡಾರ್ಜಿಲಿಂಗ್ ಕಡೆಯ ಪೊಲೀಸ್ ಕಾನ್‌ಸ್ಟೇಬಲ್ ಪ್ರಶಾಂತ್ ತಮಾಂಗ್ ಗೆದ್ದರು. ಬೆಟ್ಟದ ಜನ ಅವರನ್ನು ಗೆಲ್ಲಿಸೋಕೆ ದುಡ್ಡು ಒಟ್ಟುಮಾಡಿ ವೋಟು ಹಾಕಿದರು. ಇಷ್ಟು ವರ್ಷ ದೇಶ ನಮ್ಮನ್ನು ಕಣ್ಣೆತ್ತಿ ನೋಡಿಲ್ಲ, ಇವತ್ತು ನೋಡುತ್ತದೆ ಅನ್ನುವ ಹಟ. ಆ ಹಟದ ಮೇಲೆ ನನಗೆ ಗೌರವವೇ ಇದೆ. ಆದರೆ ಅಂಥ ಹಟಕ್ಕೂ ಒಂದು ಮೀಟರ್ ಇತ್ತು, ಅದು ಓಡಿದಷ್ಟೂ ಯಾರದೋ ಗಲ್ಲಾಪೆಟ್ಟಿಗೆ ತುಂಬುತ್ತಿತ್ತು.

ಮೋಸಗಾರರು ಅಲ್ಲೂ ಇಲ್ಲೂ ಒಂದೇ ಥರ. ಬ್ರಿಟಿಷರು ನಮಗಿಂತ ಪ್ರಾಮಾಣಿಕರು ಅಂತ ನಾನು ಖಂಡಿತ ಹೇಳಲ್ಲ, ಮೇಲಿನ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ವ್ಯತ್ಯಾಸ ಇರೋದು ಆಮೇಲೆ ಏನು ಮಾಡಿದರು ಅನ್ನೋದರಲ್ಲಿ. ಟೀವಿ, ಫೋನು ಎರಡಕ್ಕೂ ಇಲ್ಲಿ ಆಫ್‌ಕಾಮ್ ಅನ್ನುವ ಒಂದೇ ನಿಯಂತ್ರಕ ಸಂಸ್ಥೆ. ಅದು ಬಿಬಿಸಿಯಲ್ಲಿ ಹಿಂದೆ ದೊಡ್ಡ ಹುದ್ದೆಯಲ್ಲಿದ್ದ ರಿಚರ್ಡ್ ಏರ್ ಅವರಿಗೆ ತನಿಖೆ ಒಪ್ಪಿಸಿತು. 2007ರ ಜುಲೈನಲ್ಲಿ ಅವರು ಕೊಟ್ಟ ವರದಿಯ ತಿರುಳು ಇಷ್ಟು: ಇದು ಎಲ್ಲೋ ಒಬ್ಬ ಇಬ್ಬರು ಕಳ್ಳರ ಕೆಲಸ ಅಲ್ಲ, ವ್ಯವಸ್ಥೆಯೇ ಹಾಗಿದೆ. ಚಾನೆಲ್‌ನವರು ದುಡ್ಡು ಎಣಿಸಿಕೊಳ್ಳುತ್ತಾರೆ, ತಪ್ಪಾದರೆ ಲೈನಿನವರತ್ತ ಬೆರಳು ತೋರಿಸುತ್ತಾರೆ.

ಅದಕ್ಕೆ ಮದ್ದು ಅಂತ 2008ರಲ್ಲಿ ಚಾನೆಲ್‌ಗಳ ಲೈಸೆನ್ಸಿಗೇ ಹೊಸ ಷರತ್ತು ಸೇರಿಸಿದರು. ಫೋನ್ ಲೈನನ್ನು ಯಾರೇ ನಡೆಸಲಿ, ಅದರ ಪೂರ್ತಿ ಹೊಣೆ ಚಾನೆಲ್‌ನದ್ದು. ವೋಟು, ಸ್ಪರ್ಧೆ ನಡೆಸಿದರೆ ಲೆಕ್ಕವನ್ನು ಹೊರಗಿನ ಸ್ವತಂತ್ರ ಪರಿಶೀಲಕರು ತಾಳೆ ನೋಡಬೇಕು. ಇಷ್ಟೇ ನೋಡಿ. ಮೈಕು ಯಾರ ಕೈಯಲ್ಲಿದೆಯೋ ಬಿಲ್ಲಿಗೂ ಅವರೇ ಜವಾಬ್ದಾರರು. ನಾನು ಮೂರು ಸುತ್ತು ಸುತ್ತಿದೆನಲ್ಲ, ಆ ಸುತ್ತೇ ಕಾಗದದ ಮೇಲೆ ಇಲ್ಲದ ಹಾಗಾಯಿತು. ನನ್ನ ಪ್ರಕಾರ ಅಷ್ಟೂ ಲಕ್ಷಗಳ ದಂಡಕ್ಕಿಂತ ಈ ಒಂದು ಸಾಲೇ ದೊಡ್ಡದು. ದಂಡ ಕಟ್ಟಿ ಮರೆತುಬಿಡಬಹುದು. ಲೈಸೆನ್ಸಿನ ಸಾಲು ದಿನಾ ಬೆಳಗ್ಗೆ ಅಲ್ಲೇ ಇರುತ್ತದೆ.

2008ರ ಡಿಸೆಂಬರ್‌ನಲ್ಲಿ ಬಿಬಿಸಿಯ ಡ್ಯಾನ್ಸ್ ಸ್ಪರ್ಧೆ 'ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್' ಸೆಮಿಫೈನಲ್‌ನಲ್ಲಿ ಒಂದು ತಮಾಷೆ ನಡೆಯಿತು. ಜಡ್ಜ್‌ಗಳ ಅಂಕದಲ್ಲಿ ಇಬ್ಬರು ಸಮನಾದರು. ಲೆಕ್ಕ ಹಾಕಿ ನೋಡಿದರೆ ಜನ ಎಷ್ಟೇ ವೋಟು ಹಾಕಲಿ, ಮೂರನೆಯವನಾದ ಟಾಮ್ ಚೇಂಬರ್ಸ್ ಹೊರಹೋಗುವ ಭಯ ಇರುವ ಕೆಳಗಿನ ಇಬ್ಬರಲ್ಲಿ ಇರೋದು ತಪ್ಪೋದಿಲ್ಲ. ಇದು ಗೊತ್ತಾದದ್ದು ಲೈನ್ ತೆರೆದು ಜನ ಫೋನ್ ಮಾಡಿದ ಮೇಲೆ. ಎರಡು ವರ್ಷ ಮುಂಚೆ ಆಗಿದ್ದರೆ ಏನೋ ಒಂದು ಹೇಳಿ ಸಾಗಹಾಕುತ್ತಿದ್ದರೇನೋ. ಆವತ್ತು ಯಾರನ್ನೂ ಹೊರಹಾಕಲಿಲ್ಲ. ಮೂವರನ್ನೂ ಫೈನಲ್‌ಗೆ ಕಳಿಸಿ, ಬಂದ ವೋಟನ್ನು ಅಲ್ಲಿಗೆ ಸೇರಿಸಿದರು. ಬೇಡ ಅಂದವರಿಗೆ ದುಡ್ಡು ವಾಪಸ್ ಕೊಡುತ್ತೇವೆ ಅಂದರು. ಕೊನೆಗೆ ಗೆದ್ದದ್ದು ಅದೇ ಟಾಮ್.

ಇನ್ನೂ ಎರಡು ಸಂಗತಿ ಇಲ್ಲಿ ಚೆನ್ನಾಗಿವೆ. ದುಡ್ಡು ಕಟ್ಟಿಸಿಕೊಂಡು ಬರೀ ಅದೃಷ್ಟದ ಮೇಲೆ ಬಹುಮಾನ ಕೊಟ್ಟರೆ ಕಾನೂನಿನ ಕಣ್ಣಲ್ಲಿ ಅದು ಲಾಟರಿ. ಅದರಿಂದ ತಪ್ಪಿಸಿಕೊಳ್ಳಬೇಕಾದರೆ ಬಿಟ್ಟಿಯಾಗಿ ಸೇರುವ ಒಂದು ದಾರಿಯೂ ಇರಬೇಕು. ಅದಕ್ಕೇ ಟೀವಿ ಸ್ಪರ್ಧೆಯ ಕೊನೆಯಲ್ಲಿ ಒಂದು ಅಂಚೆ ವಿಳಾಸ ಕಾಣುತ್ತದೆ. ಇನ್ನೊಂದು, 2010ರಿಂದ ರಾತ್ರಿಯಿಡೀ ಫೋನ್ ಮಾಡಿ ಅನ್ನುವಂಥ ಚಾನೆಲ್‌ಗಳನ್ನು ಕಾರ್ಯಕ್ರಮ ಅಂತಲೇ ಪರಿಗಣಿಸಲ್ಲ. ಅವು ಜಾಹೀರಾತು, ಜಾಹೀರಾತಿನ ನಿಯಮವೇ ಅವಕ್ಕೆ. ಅಮ್ಮ ನೋಡಿದ್ದು ಕ್ವಿಜ್ ಅಲ್ಲ, ಅಂಗಡಿ ಅಂತ ನಾಲ್ಕು ವರ್ಷದ ಮೇಲೆ ಸರ್ಕಾರಿ ಮುದ್ರೆ ಬಿತ್ತು!

ನಮ್ಮಲ್ಲಿ ನಿಯಮವೇ ಇಲ್ಲ ಅಂತಲ್ಲ. ಪ್ರೀಮಿಯಂ ದರ ಇರುವ ಸೇವೆಯ ಜಾಹೀರಾತಿನಲ್ಲಿ ಬೆಲೆ ಹೇಳಲೇಬೇಕು ಅಂತ ನಮ್ಮ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2005ರಲ್ಲೇ ಹೇಳಿತ್ತು. ಬಹುಮಾನದ ಸ್ಕೀಮಿನ ಫಲಿತಾಂಶವನ್ನು ಜನರಿಂದ ಬಚ್ಚಿಡೋದು ಅನ್ಯಾಯದ ವ್ಯಾಪಾರ ಅಂತ ಗ್ರಾಹಕರ ಕಾಯಿದೆಯಲ್ಲೇ ಇದೆ. ಕೆಲವು ವಿಷಯದಲ್ಲಂತೂ ನಾವು ಮುಂದೆಯೇ ಇದ್ದೆವು. ಕಾಲರ್ ಟ್ಯೂನ್, ಕ್ರಿಕೆಟ್ ಅಲರ್ಟ್, ಜ್ಯೋತಿಷ್ಯ ಅಂತ ಕೇಳದೇ ಇದ್ದರೂ ಹಾಕಿ ತಿಂಗಳು ತಿಂಗಳು 30 ರೂಪಾಯಿ ಎಳೆಯುತ್ತಿದ್ದ ಕಾಲ ನೆನಪಿದೆಯಲ್ವಾ? ಅಪ್ಪನ ಫೋನಿಗೆ ಒಮ್ಮೆ ಯಾವುದೋ ಸಿನಿಮಾ ಹಾಡು ತಾನಾಗೇ ಕೂತುಬಿಟ್ಟಿತ್ತು. ಸಾವಿನ ಸುದ್ದಿ ಹೇಳಲು ಫೋನ್ ಮಾಡಿದ ನೆಂಟರಿಗೂ ಅದೇ ಡಿಂಗ್‌ಚಾಕ್ ಹಾಡು. ಟ್ರಾಯ್ ಅದಕ್ಕೆ 2011ರಲ್ಲಿ, ಮತ್ತೆ 2013ರಲ್ಲಿ ಮೂಗುದಾರ ಹಾಕಿತು. ಗ್ರಾಹಕ ಎರಡು ಸಲ ಒಪ್ಪಿಗೆ ಕೊಟ್ಟರೆ ಮಾತ್ರ ಸೇವೆ ಶುರು. ಬೇಡ ಅಂದರೆ 155223ಕ್ಕೆ ಹೇಳಿದರೆ ಸಾಕು. ಫೋನ್ ಬಿಲ್ಲಿನ ಮೇಲಿನ ಚಂದಾಗಳಿಗೆ ಇಂಥ ಎರಡು ಹಂತದ ಒಪ್ಪಿಗೆ ಬ್ರಿಟನ್ನಿನಲ್ಲಿ ಬರಲು ಇನ್ನೂ ಹಲವು ವರ್ಷ ಬೇಕಾಯಿತು.

ನಮ್ಮ ತೊಂದರೆ ಬೇರೆ. ಫೋನು ಟ್ರಾಯ್ ಕೈಲಿ. ಟೀವಿಯಲ್ಲಿ ಬರೋದು ವಾರ್ತಾ ಮತ್ತು ಪ್ರಸಾರ ಇಲಾಖೆಯ ಕೈಲಿ, ಜೊತೆಗೆ ಚಾನೆಲ್‌ನವರೇ ಮಾಡಿಕೊಂಡ ದೂರು ಸಮಿತಿ. ಮೋಸ ಆದರೆ ಗ್ರಾಹಕ ಆಯೋಗ. ಲಾಟರಿ ಹೌದೋ ಅಲ್ಲವೋ ಅನ್ನೋದು ರಾಜ್ಯದ ಪೊಲೀಸರ ತಲೆನೋವು. ಹತ್ತು ಜನ ಸೇರಿದ ಕಡೆ ಹಸು ಸತ್ತರೂ ಯಾರೂ ಎತ್ತಲ್ಲ ಅನ್ನುವ ಹಾಗೆ. ಭಾವನ ದುಡ್ಡು ಹೋದದ್ದು ಕಾರ್ಯಕ್ರಮದಲ್ಲೋ, ಫೋನಿನಲ್ಲೋ, ಚೀಟಿ ಎತ್ತುವಾಗಲೋ? ಅದನ್ನು ಅವರೇ ಬಿಡಿಸಿ ಹೇಳಿ, ಸರಿಯಾದ ಕಚೇರಿಗೆ ಸರಿಯಾದ ಅರ್ಜಿ ಹಾಕಬೇಕು. ಯಾರು ಮಾಡುತ್ತಾರೆ? 2 ರೂಪಾಯಿ 40 ಪೈಸೆಗೆ ವಕೀಲರನ್ನು ಇಡುವ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ಈ ವ್ಯಾಪಾರ ನಿಂತಿರೋದೇ ಅದರ ಮೇಲೆ. ಪ್ರತಿಯೊಬ್ಬನಿಂದ ಅವನು ಜಗಳ ಆಡದಷ್ಟೇ ದುಡ್ಡು ತೆಗೆದುಕೋ.

ಬ್ರಿಟನ್ನಿನಲ್ಲೂ ಮೊದಲು ಇಬ್ಬರು ಕಾವಲುಗಾರರಿದ್ದರು. ಪ್ರೀಮಿಯಂ ನಂಬರುಗಳಿಗೆ ಅಂತಲೇ 1986ರಲ್ಲಿ ಇಕ್‌ಸ್ಟಿಸ್ ಅನ್ನುವ ಒಂದು ಸಂಸ್ಥೆ ಹುಟ್ಟಿತ್ತು. ಆಮೇಲೆ ಅದು ಎರಡು ಸಲ ಹೆಸರು ಬದಲಿಸಿತು. 2025ರ ಫೆಬ್ರವರಿಯಲ್ಲಿ ಅದರ ಕೆಲಸವನ್ನೂ ಆಫ್‌ಕಾಮ್‌ಗೇ ಸೇರಿಸಿದರು. ಈಗ ಟೀವಿಗೂ ಪ್ರೀಮಿಯಂ ನಂಬರಿಗೂ ಒಬ್ಬರೇ ಕಾವಲುಗಾರರು.

ಹಾಗಂತ ಇಲ್ಲಿ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಇವತ್ತಿಗೂ ಬೆಳಗಿನ ಟೀವಿ ಹಾಕಿದರೆ ಕಾರು, ಪ್ರವಾಸ, ಲಕ್ಷ ಪೌಂಡ್ ಅಂತ ಆಸೆ ತೋರಿಸುತ್ತಾರೆ. ಒಂದು ಟೆಕ್ಸ್ಟ್‌ಗೆ 2 ಪೌಂಡ್, ಜೊತೆಗೆ ನೆಟ್‌ವರ್ಕ್ ಚಾರ್ಜು. ಪ್ರಶ್ನೆ ಎಂಥದ್ದು ಅಂದರೆ ನಮ್ಮನೆ ನಾಯಿಯೂ ಉತ್ತರ ಹೇಳೀತು. ಬೆಲೆಯನ್ನು ಒಂದೇ ಉಸಿರಿನಲ್ಲಿ, ರೈಲು ಹಿಡಿಯೋಕೆ ಓಡುವವರ ಹಾಗೆ ಹೇಳಿ ಮುಗಿಸುತ್ತಾರೆ. ಪಕ್ಕದ ಮನೆಯ ಅಜ್ಜಿ ಪಿಂಚಣಿಯಿಂದ ವಾರಕ್ಕೆ ಎರಡು ಟೆಕ್ಸ್ಟ್ ಕಳಿಸುತ್ತಾರೆ. ಅಂಚೆ ಕಾರ್ಡಿನಲ್ಲಿ ಬಿಟ್ಟಿಯಾಗಿ ಕಳಿಸಬಹುದಲ್ವಾ ಅಂತ ಒಮ್ಮೆ ಹೇಳಿದೆ. ಅಂಚೆಯಲ್ಲಿ ಗೆದ್ದವರನ್ನು ನಾನಂತೂ ಕೇಳಿಲ್ಲ ಅಂದುಬಿಟ್ಟರು. ಅಜ್ಜಿಯ ಅನುಮಾನಕ್ಕೆ ಕಾನೂನಿನಲ್ಲಿ ಮದ್ದಿಲ್ಲ.

ನಮ್ಮವರು ಮಾತ್ರ ಇದಕ್ಕೊಂದು ಬೇರೆಯೇ ಉತ್ತರ ಕಂಡುಹಿಡಿದರು. ಮಿಸ್ಡ್ ಕಾಲ್! ಒಂದು ರಿಂಗ್ ಕೊಟ್ಟು ಕಟ್ ಮಾಡೋದು. ಬಸ್‌ಸ್ಟ್ಯಾಂಡಿಗೆ ಬಂದಿದ್ದೀನಿ ಅಂತ, ಊಟಕ್ಕೆ ಬಾ ಅಂತ, ನೀನೇ ವಾಪಸ್ ಮಾಡು ಅಂತ, ಎಲ್ಲವನ್ನೂ ಪೈಸೆ ಖರ್ಚಿಲ್ಲದೆ ಹೇಳುತ್ತಿದ್ದೆವು. ಅದನ್ನೇ ಬಂಡವಾಳ ಮಾಡಿಕೊಂಡು 2010ರಲ್ಲಿ ಬೆಂಗಳೂರಿನಲ್ಲಿ ಜಿಪ್‌ಡಯಲ್ ಅನ್ನುವ ಕಂಪನಿ ಶುರುವಾಯಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. ಟೀವಿ ಶೋಗಳ ವೋಟೂ ಮಿಸ್ಡ್ ಕಾಲ್‌ಗೆ ಬಂತು. ಇಲ್ಲಿನ ಗೆಳೆಯರಿಗೆ ಇದನ್ನು ವಿವರಿಸಲು ಹೋಗಿ ಸೋತಿದ್ದೇನೆ. ಎತ್ತದೇ ಇರುವ ಫೋನಿನಿಂದ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಅವರ ಪ್ರಶ್ನೆ. ನಡೆಯುತ್ತದೆ ಸ್ವಾಮಿ. ಕರೆನ್ಸಿ ಹೋಗಲ್ಲ, ನಂಬರ್ ಹೋಗುತ್ತದೆ.

ಈಗ ಅದೂ ಹಳೆಯದಾಯಿತು. ಬಿಗ್ ಬಾಸ್ ಕನ್ನಡದ ವೋಟು ಆ್ಯಪ್‌ನಲ್ಲಿ. ಕಳೆದ ಸಲ ಊರಿಗೆ ಹೋದಾಗ ಅಕ್ಕನ ಮಗಳು ಅಮ್ಮನ ಪಕ್ಕ ಕೂತು ವೋಟು ಹಾಕುತ್ತಿದ್ದಳು. ಅಮ್ಮನಿಗೆ ಈಗ ಎಂಬತ್ತರ ಹತ್ತಿರ. ಮೊದಲ ಪ್ರಶ್ನೆ, 'ದುಡ್ಡು ಹೋಗುತ್ತೇನೇ?' 'ಇಲ್ಲ ಅಜ್ಜಿ, ಫ್ರೀ.' ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡನೇ ಪ್ರಶ್ನೆ ಕೇಳಿದಳು. 'ಎಣಿಸೋರು ಯಾರು?'

ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. ನನ್ನ ಮುಖ ನೋಡಿದಳು. ನಾನು ಆಫ್‌ಕಾಮ್, ಲೈಸೆನ್ಸು, ಪರಿಶೀಲಕರು ಅಂತ ಶುರು ಮಾಡಿದೆ. ಅಮ್ಮ ಕೈ ಅಡ್ಡ ಹಿಡಿದು, 'ಅದು ನಿಮ್ಮೂರಿನ ಕಥೆ. ಇಲ್ಲಿಂದು ಹೇಳು' ಅಂದಳು. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅಷ್ಟರಲ್ಲಿ ಜಾಹೀರಾತು ಮುಗಿದು ಸುದೀಪ್ ಬಂದರು, ಅವಳು ರಿಮೋಟ್ ತೆಗೆದುಕೊಂಡು ಸೌಂಡು ಪೂರ್ತಿ ಜಾಸ್ತಿ ಮಾಡಿದಳು.